ಹಕ್ಕಿಜ್ವರವೂ ಪಟ್ಟಣದ ಅಡುಗೆಮನೆಯೂ

ಎಲ್ಲಿಯೋ ಒಂದೂರಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತೆಂಬ ಸುದ್ದಿ ಬಂದ ಬೆಳಗ್ಗೆ ನಮ್ಮ ಚಿಕ್ಕಮಗಳೂರಿನ ಪೇಟೆಯಲ್ಲಿ ಮೊದಲು ಬಣಗುಡುವುದು ಕೋಳಿಯಂಗಡಿ. ಭಾನುವಾರದಂದು ಸಾಲುಗಟ್ಟಿ ನಿಲ್ಲುತ್ತಿದ್ದವರು ಮೀನಿನ ಕಡೆಗೆ ತಿರುಗುತ್ತಾರೆ. ಮಾಂಸವನ್ನೇ ಮುಟ್ಟದವರು ‘ನಾವು ಅಂದೇ ಹೇಳಿರಲಿಲ್ಲವೆ’ ಎಂಬಂತೆ ಮುಖ ಮಾಡುತ್ತಾರೆ. ಹದಿನೈದು ದಿನ ಕಳೆಯುವುದರೊಳಗೆ ಸುದ್ದಿ ಹಳತಾಗುತ್ತದೆ. ಬೆಲೆ ಇಳಿದಿದೆಯೆಂಬ ಕಾರಣಕ್ಕಾಗಿಯೇ ಜನ ಮತ್ತೆ ಅದೇ ಅಂಗಡಿಯ ಮುಂದೆ ಸೇರುತ್ತಾರೆ. ಈ ಭಯ, ಈ ಮರೆವು ಎರಡೂ ನನಗೆ ಸಮನಾಗಿ ಅಪಾಯಕರವೆಂದು ತೋರುತ್ತವೆ. ಏಕೆಂದರೆ ಎರಡರ ಕಣ್ಣೂ ತಟ್ಟೆಯಲ್ಲಿ ಬಡಿಸಿದ ಸಾರಿನ ಮೇಲೆಯೇ ಇದೆ. ಚೆನ್ನಾಗಿ ಬೆಂದ ಕೋಳಿಯಿಂದ ಯಾರಿಗೂ ಹಕ್ಕಿಜ್ವರ ಬರುವುದಿಲ್ಲ. ಅದು ಬರುವುದಾದರೆ, ಕೋಳಿ ತಟ್ಟೆಯನ್ನು ಸೇರುವುದಕ್ಕೆ ಮೊದಲಿನ ಒಂದು ಗಂಟೆಯಲ್ಲಿ, ನಮ್ಮ ಕೈಗಳ ಮೂಲಕ ಬರುತ್ತದೆ. ಆ ಒಂದು ಗಂಟೆಯ ವಿಚಾರವನ್ನೇ ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿದ್ದೇನೆ.

ಮೊದಲು ರೋಗದ ಕುಲಗೋತ್ರ. ಮಳೆಗಾಲದಲ್ಲಿ ನಮ್ಮನ್ನು ನಾಲ್ಕು ದಿನ ಹಾಸಿಗೆಗೆ ಕೆಡಹುವ ಫ್ಲೂ ಜ್ವರ ಯಾವ ಮನೆತನದ್ದೋ ಇದೂ ಅದೇ ಮನೆತನದ್ದು. ಇನ್‌ಫ್ಲುಯೆಂಜಾ ವೈರಾಣುವಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಒಂದು ಜೀವಕೋಶದ ಬಾಗಿಲಿಗೆ ಅಂಟಿಕೊಂಡು ಒಳಹೊಗುವುದಕ್ಕೆ. ಇನ್ನೊಂದು, ಒಳಗೆ ಹುಟ್ಟಿದ ಹೊಸ ವೈರಾಣುಗಳನ್ನು ಬಿಡಿಸಿ ಹೊರಗೆ ಕಳಿಸುವುದಕ್ಕೆ. ವಿಜ್ಞಾನಿಗಳು ಮೊದಲನೆಯದನ್ನು ಎಚ್ ಎಂದೂ ಎರಡನೆಯದನ್ನು ಎನ್ ಎಂದೂ ಕರೆದು, ಅವುಗಳ ಪ್ರಭೇದಗಳಿಗೆ ಅಂಕೆಗಳನ್ನು ಕೊಟ್ಟಿದ್ದಾರೆ. ಪತ್ರಿಕೆಗಳಲ್ಲಿ ನಾವು ಓದುವ ಎಚ್5ಎನ್1 ಎಂಬ ಹೆಸರು ಹೀಗೆ ಬಂದದ್ದು. ಈ ವೈರಾಣುಗಳ ತವರು ಕಾಡುಬಾತು ಮೊದಲಾದ ನೀರುಹಕ್ಕಿಗಳ ಕರುಳು. ಅಲ್ಲಿ ಅವು ಬಹುಮಟ್ಟಿಗೆ ಆ ಹಕ್ಕಿಗೆ ಹೆಚ್ಚಿನ ಕೇಡುಮಾಡದೆ ವಾಸಿಸಿ, ಹಿಕ್ಕೆಯೊಡನೆ ಕೆರೆಯ ನೀರಿಗೆ ಇಳಿಯುತ್ತವೆ. ಆದರೆ ಸಾಕಿದ ಕೋಳಿಗಳ ನಡುವೆ ಹೊಕ್ಕು ಅಲ್ಲಿ ಉಗ್ರರೂಪ ತಾಳಿದರೆ ಎರಡು ಮೂರು ದಿನಗಳಲ್ಲಿ ಗೂಡಿಗೆ ಗೂಡೇ ಬರಿದಾಗುತ್ತದೆ.

ಈಗಿನ ಎಚ್5ಎನ್1ನ ವಂಶ 1996ರಲ್ಲಿ ಚೀನದ ಗ್ವಾಂಗ್‌ಡಾಂಗ್ ಪ್ರಾಂತದ ಒಂದು ಹೆಬ್ಬಾತಿನಲ್ಲಿ ಗುರುತಿಗೆ ಸಿಕ್ಕಿತು. ಮರುವರ್ಷವೇ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಅದು ತಗಲಿ ಆರು ಜನ ಸತ್ತರು. ಹಾಂಗ್‌ಕಾಂಗ್ ಹಳ್ಳಿಯಲ್ಲ, ಆಕಾಶಕ್ಕೆ ಮುಟ್ಟುವ ಮನೆಗಳ ನಗರ. ಅಲ್ಲಿಗೆ ರೋಗ ಬಂದದ್ದು ಜೀವಂತ ಕೋಳಿಗಳನ್ನು ಮಾರುವ ಪೇಟೆಗಳ ದಾರಿಯಾಗಿ. ಭಾರತದಲ್ಲಿ ಅದು ಮೊದಲು ಕಾಣಿಸಿದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಸಾಕಣೆ ಕೇಂದ್ರಗಳಲ್ಲಿ. 2003ರಿಂದ ಈಚೆಗೆ ಲೋಕದಾದ್ಯಂತ ಒಂಬೈನೂರಕ್ಕಿಂತ ಹೆಚ್ಚು ಜನರಿಗೆ ಎಚ್5ಎನ್1 ತಗಲಿರುವುದು ದಾಖಲಾಗಿದೆ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿಯಲಿಲ್ಲ. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ನೆನಪಿಡಬೇಕು. ಕೋಟಿಗಟ್ಟಲೆ ಕೋಳಿಗಳು ಸತ್ತಿರುವಾಗ ಒಂಬೈನೂರು ಚಿಲ್ಲರೆ ಮನುಷ್ಯರೆಂದರೆ, ಇದು ನಮಗೆ ಸುಲಭವಾಗಿ ಅಂಟುವ ರೋಗವಲ್ಲ. ಹಕ್ಕಿಯ ವೈರಾಣುವಿಗೆ ಒಪ್ಪುವ ಬಾಗಿಲುಗಳು ನಮ್ಮ ಮೂಗು ಗಂಟಲುಗಳಲ್ಲಿ ಕಡಮೆ, ಶ್ವಾಸಕೋಶದ ಆಳದಲ್ಲಿ ಹೆಚ್ಚು. ಆದುದರಿಂದ ಅದು ಒಳಸೇರುವುದು ಅಪರೂಪ. ಸೇರಿದರೆ ಮಾತ್ರ ತೀವ್ರವಾದ ನ್ಯುಮೋನಿಯವಾಗಿ ಕೂರುತ್ತದೆ.

ನಮ್ಮ ರಾಜ್ಯಕ್ಕೂ ಈ ಅತಿಥಿ ಹೊಸಬನಲ್ಲ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಅದು ಕಂಡುಬಂತು. 2018ರ ಹೊಸವರ್ಷದ ಮೊದಲ ವಾರದಲ್ಲಿ ಬೆಂಗಳೂರಿನ ದಾಸರಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬಂತು. 2025ರ ಮೊದಲ ತಿಂಗಳುಗಳಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೇಕುಪ್ಪ. ಇವೆಲ್ಲದರ ನಡುವೆ ಪಟ್ಟಣದ ಸಂಸಾರವಂದಿಗರಿಗೆ ಪಾಠವಾಗಬಲ್ಲದ್ದು 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಡೆದದ್ದು.

ಆ ತಿಂಗಳು ಯಾವುದೆಂಬುದನ್ನು ನೆನಪುಮಾಡಿಕೊಳ್ಳಿ. ಕೊರೊನಾ ಆಗತಾನೆ ನಾಡಿಗೆ ಕಾಲಿಟ್ಟಿತ್ತು. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಊರೂರು ಅಲೆದು ಕೋಳಿ ಸಾಕುವವರನ್ನು ಅದಾಗಲೇ ಹಾಳುಮಾಡಿತ್ತು. ಅದರ ಬೆನ್ನಿಗೆ ಕುಂಬಾರಕೊಪ್ಪಲಿನಲ್ಲಿ ಸತ್ತ ಕೋಳಿಗಳಲ್ಲಿ ನಿಜವಾಗಿಯೇ ಹಕ್ಕಿಜ್ವರವಿದೆಯೆಂದು ಪರೀಕ್ಷೆಯ ಫಲಿತಾಂಶ ಬಂತು. ಇಂತಹ ಸಂದರ್ಭಕ್ಕೆ ಸರ್ಕಾರದ ನಿಯಮ ನಿಷ್ಠುರವಾದದ್ದು. ರೋಗ ಕಂಡ ಸ್ಥಳದಿಂದ ಸುತ್ತ ಒಂದು ಕಿಲೊಮೀಟರಿನೊಳಗಿರುವ ಸಾಕುಹಕ್ಕಿಗಳನ್ನೆಲ್ಲ ಕೊಂದು ಹೂಳಬೇಕು. ಹತ್ತು ಕಿಲೊಮೀಟರಿನವರೆಗೆ ಕಣ್ಗಾವಲಿಡಬೇಕು. ಊರ ಹೊರಗಿನ ಕೋಳಿ ಫಾರ್ಮಿನಲ್ಲಾದರೆ ಇದು ಲೆಕ್ಕಪತ್ರದ ವಿಷಯ. ನಗರದ ಬೀದಿಯಲ್ಲಿ ಒಂದು ಕಿಲೊಮೀಟರೆಂದರೆ ಅದು ಮನೆಮನೆಯ ಹಿತ್ತಿಲು, ಮಾಳಿಗೆಯ ಮೇಲಿನ ಗೂಡು, ಪಡಸಾಲೆಯಲ್ಲಿ ತೂಗುವ ಪಂಜರ. ಮಗು ಹೆಸರಿಟ್ಟು ಕರೆಯುತ್ತಿದ್ದ ಹಕ್ಕಿಯನ್ನು ಮುಖಗವುಸು ಹಾಕಿದ ಅಪರಿಚಿತರ ಕೈಗೆ ಕೊಡಬೇಕಾಗುತ್ತದೆ. ಅಂತಹ ವೇಳೆಯಲ್ಲಿ ಜನ ಹಕ್ಕಿಯನ್ನು ಬಚ್ಚಿಡುತ್ತಾರೆ, ರಾತ್ರೋರಾತ್ರಿ ನೆಂಟರ ಮನೆಗೆ ಸಾಗಿಸುತ್ತಾರೆ. ಅವರನ್ನು ನಿಂದಿಸುವ ಮನಸ್ಸು ನನಗೆ ಬಾರದು. ಆದರೆ ಹಾಗೆ ಸಾಗಿಸಿದ ಒಂದು ಬುಟ್ಟಿ ಆ ಒಂದು ಕಿಲೊಮೀಟರಿನ ವೃತ್ತವನ್ನು ನೂರು ಕಿಲೊಮೀಟರಿಗೆ ಹಿಗ್ಗಿಸಿಬಿಡಬಲ್ಲದು ಎಂಬುದನ್ನು ಹೇಳದಿರಲಾರೆ. ಕೊಂದ ಸಾಕುಕೋಳಿಗಳಿಗೆ ಪರಿಹಾರ ಕೊಡುವ ವ್ಯವಸ್ಥೆಯಿದೆ. ಅದು ಸಕಾಲದಲ್ಲಿ ಕೈಸೇರಿದರೆ ಬಚ್ಚಿಡುವವರ ಸಂಖ್ಯೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಬರಿಯ ಗದರಿಕೆಯಿಂದ ಇಳಿಯುವುದಿಲ್ಲ.

ಇನ್ನು ನಮ್ಮ ಬೆಟ್ಟಗಳ ಮಾತು. ಮೂಡಿಗೆರೆ ಕಳಸಗಳ ಕಡೆಯಲ್ಲಿ ಕಾಫಿ ತೋಟದ ಅಂಚಿನ ಮನೆಯೆಂದರೆ ಹಿತ್ತಿಲಲ್ಲಿ ಕೆದಕಿಕೊಂಡು ತಿರುಗುವ ನಾಲ್ಕು ನಾಟಿಕೋಳಿ ಇದ್ದೇ ಇರುತ್ತವೆ. ಪೇಟೆಯಲ್ಲಿ ನೆಲೆಸಿದ ಮಕ್ಕಳಿಗೆ ಊರಿನಿಂದ ಬರುವ ಪ್ರೀತಿಯ ರೂಪವೂ ಬಹುಮಟ್ಟಿಗೆ ಅದೇ. ಕಾಲು ಕಟ್ಟಿದ ಹುಂಜವೊಂದು ಚೀಲದಿಂದ ಕತ್ತು ಹೊರಹಾಕಿಕೊಂಡು ಬಸ್ಸಿನಲ್ಲಿ ಚಿಕ್ಕಮಗಳೂರಿಗೋ, ಕೆಲವೊಮ್ಮೆ ಬೆಂಗಳೂರಿಗೋ ಪ್ರಯಾಣಮಾಡುತ್ತದೆ. ಹರಕೆಯ ಕೋಳಿ, ಅಂಕದ ಹುಂಜ, ಹಬ್ಬಕ್ಕೆ ಬಂದ ಅಳಿಯನಿಗೆಂದು ಹಿಡಿದ ಕೋಳಿ, ಹೀಗೆ ನಮ್ಮಲ್ಲಿ ಕೋಳಿಯ ಓಡಾಟಕ್ಕೆ ಎಷ್ಟೊಂದು ನೆಪ! ಘಟ್ಟದ ಕೆಳಗಿನ ಊರುಗಳೊಡನೆ ನಮ್ಮ ವ್ಯವಹಾರ ನಿತ್ಯದ್ದು. ಅದರಾಚೆಯ ಕೇರಳದಲ್ಲಿ 2014ರಿಂದೀಚೆಗೆ ಆಲಪ್ಪುಳ ಕೋಟ್ಟಯಂಗಳ ಬಾತುಸಾಕಣೆಯವರು ಈ ಜ್ವರದಿಂದ ಮತ್ತೆ ಮತ್ತೆ ನಷ್ಟಪಟ್ಟಿದ್ದಾರೆ. ಪಟ್ಟಣದ ಮನೆಗೆ ಅಪಾಯ ಬರುವುದಾದರೆ ಆಕಾಶದಿಂದ ಇಳಿಯುವುದಕ್ಕಿಂತ ಬಸ್ಸಿನಿಂದ ಇಳಿಯುವ ಸಂಭವವೇ ಹೆಚ್ಚು.

ಪಶುವೈದ್ಯನಾಗಿ ಈ ಭಾಗದಲ್ಲಿ ಓಡಾಡಿದ ವರ್ಷಗಳಲ್ಲಿ ಒಂದು ಪದ್ಧತಿಯನ್ನು ನಾನು ಎಲ್ಲೆಲ್ಲಿಯೂ ಕಂಡಿದ್ದೇನೆ. ಕೋಳಿ ತೂಕಡಿಸತೊಡಗಿದರೆ, ಜುಟ್ಟು ಕಪ್ಪಿಟ್ಟರೆ, ಮೇವು ಬಿಟ್ಟರೆ, ಅದು ಸಾಯುವುದಕ್ಕೆ ಮುಂಚೆ ಕೊಯ್ದುಬಿಡುವುದು. ಕಳಸದ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ನನ್ನೊಡನೆ ವಾದಿಸಿದ್ದರು: “ಡಾಕ್ಟ್ರೇ, ಅದು ನಾಳೆ ಹೇಗೂ ಸಾಯ್ತದೆ. ಇವತ್ತೇ ಕೊಯ್ದರೆ ನಾಲ್ಕು ಜನರ ಊಟಕ್ಕಾದರೂ ಆಗ್ತದಲ್ಲ? ಚೆನ್ನಾಗಿ ಕುದಿಸಿದ್ರೆ ಯಾವ ರೋಗ ಉಳೀತದೆ, ಹೇಳಿ.” ಬಡತನವನ್ನು ಕಂಡ ಜೀವದ ತರ್ಕವದು, ಅರ್ಧ ಸತ್ಯವೂ ಹೌದು. “ಕುದಿಸಿದ ಮೇಲೆ ಉಳಿಯೋದಿಲ್ಲಮ್ಮ, ನಿಜ. ಆದರೆ ಕುದಿಸೋಕೆ ಮುಂಚೆ ಅದನ್ನ ಕೈಯಲ್ಲಿ ಹಿಡಿಯೋರು ನೀವೇ ಅಲ್ವಾ?” ಎಂದೆ. ಅವರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು.

ಆ ಕೈಗಳ ಕೆಲಸವನ್ನು ಒಮ್ಮೆ ಹಿಂಬಾಲಿಸಿ ನೋಡೋಣ. ಕೊಯ್ಯುವಾಗ ಹಕ್ಕಿ ರೆಕ್ಕೆ ಬಡಿಯುತ್ತದೆ. ಬಾಯಿಯ ಜೊಲ್ಲು, ರಕ್ತ, ಹಿಕ್ಕೆಯ ಧೂಳು ಮುಖದ ಮಟ್ಟಕ್ಕೆ ಹಾರುತ್ತವೆ. ಬಚ್ಚಲಿನ ಹಂಡೆಯಿಂದ ಬಿಸಿನೀರು ತಂದು ಅದರಲ್ಲಿ ಅದ್ದುತ್ತಾರೆ. ಆ ನೀರು ಪುಕ್ಕದ ಬುಡವನ್ನು ಸಡಿಲಿಸುವಷ್ಟು ಬಿಸಿಯೇ ಹೊರತು ಮಾಂಸವನ್ನು ಬೇಯಿಸುವಷ್ಟಲ್ಲ. ಬಳಿಕ ಕುಳಿತು, ಬಾಗಿ, ಪುಕ್ಕ ಕೀಳುತ್ತಾರೆ. ಮಕ್ಕಳು ಸುತ್ತ ಕುಳಿತು ಬಣ್ಣದ ಗರಿಗಳನ್ನು ಆರಿಸಿಕೊಳ್ಳುತ್ತಾರೆ. ಕೊನೆಗೆ ಹೊಟ್ಟೆ ಸೀಳಿ ಕರುಳನ್ನು ತೆಗೆಯುತ್ತಾರೆ. ಸೋಂಕಿದ ಹಕ್ಕಿಯಲ್ಲಿ ವೈರಾಣು ಕರುಳು ಶ್ವಾಸಕೋಶಗಳಲ್ಲಿ ತುಂಬಿರುವುದಷ್ಟೇ ಅಲ್ಲ, ಪುಕ್ಕದ ಬುಡದಲ್ಲಿಯೂ ಇರಬಲ್ಲದು. ಈ ನಡುವೆ ಬೆವರು ಒರೆಸಿಕೊಳ್ಳಲು ಕೈ ಎಷ್ಟು ಬಾರಿ ಕಣ್ಣಿಗೂ ಮೂಗಿಗೂ ಹೋಗುತ್ತದೆಯೋ ಅಷ್ಟು ಬಾರಿ ಬಾಗಿಲು ತೆರೆದಂತೆ.

ಇದು ಬರಿಯ ಊಹೆಯ ಮಾತಲ್ಲ. 2006ರಲ್ಲಿ ಅಜರ್‌ಬೈಜಾನ್ ದೇಶದ ಸಾಲ್ಯಾನ್ ಎಂಬ ಪ್ರದೇಶದಲ್ಲಿ ಹುಡುಗಿಯರೂ ತರುಣಿಯರೂ ಹೆಚ್ಚಾಗಿದ್ದ ಒಂದು ಗುಂಪಿಗೆ ಎಚ್5ಎನ್1 ತಗಲಿ ಕೆಲವರು ಸತ್ತರು. ಅವರು ಕೋಳಿ ತಿಂದು ಕಾಯಿಲೆ ಬಿದ್ದವರಲ್ಲ. ಸತ್ತುಬಿದ್ದಿದ್ದ ಕಾಡುಹಂಸಗಳ ಪುಕ್ಕ ಕಿತ್ತದ್ದೇ ಸೋಂಕಿಗೆ ಕಾರಣವಿರಬೇಕೆಂದು ತನಿಖೆ ಮಾಡಿದ ತಜ್ಞರು ನಿರ್ಣಯಿಸಿದರು. ನಮ್ಮ ಹಳೆಯ ಕಾವ್ಯಗಳ ರಾಜಕುಮಾರಿಯರು ಮಲಗುತ್ತಿದ್ದ ಹಂಸತೂಲಿಕಾತಲ್ಪವನ್ನು ಓದಿ ಸಂತೋಷಪಟ್ಟ ನಾವು, ಆ ತೂಲಿಕೆಯನ್ನು ಕಿತ್ತ ಕೈಗಳನ್ನು ಕುರಿತು ಎಂದೂ ಯೋಚಿಸಿದವರಲ್ಲ.

ಆದುದರಿಂದ ಮೊದಲ ನಿಯಮ ಇದು: ಕಾಯಿಲೆಯ ಕೋಳಿಯನ್ನು ಕೊಯ್ಯಬಾರದು, ತಾನಾಗಿ ಸತ್ತದ್ದನ್ನು ಮುಟ್ಟಬಾರದು, ಎರಡನ್ನೂ ಯಾರಿಗೂ ಕೊಡಬಾರದು. ಹಳ್ಳಿಗರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ಕಾಯಿಲೆಯಿಂದಲೂ ಕೋಳಿಗಳು ಹೀಗೆಯೇ ಗುಂಪಾಗಿ ಸಾಯುತ್ತವೆ ಎಂಬುದು ನಿಜ. ಆದರೆ ಎರಡನ್ನು ಕಣ್ಣಿನಿಂದ ಬೇರ್ಪಡಿಸಿ ಹೇಳುವುದು ಅನುಭವಸ್ಥ ವೈದ್ಯನಿಗೂ ಆಗದು. ಮಾದರಿಯನ್ನು ಭೋಪಾಲದಲ್ಲಿರುವ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳಿಸಿಯೇ ತೀರ್ಮಾನಿಸಬೇಕು. ‘ನಮ್ಮಲ್ಲಿ ಇದು ವರ್ಷವೂ ಬರುವುದೇ’ ಎನ್ನುವ ಸಮಾಧಾನ ಇಲ್ಲಿ ಸಲ್ಲದು. ಊರಿನಿಂದ ಆರೋಗ್ಯವಾದ ಕೋಳಿಯೇ ಬಂದರೂ, ಮನೆಯಲ್ಲಿ ಬೇರೆ ಕೋಳಿಗಳಿದ್ದರೆ ಅದನ್ನು ಎರಡು ವಾರ ಬೇರೆಯಾಗಿಯೇ ಕಟ್ಟಿಹಾಕುವುದು ಲೇಸು.

ಪೇಟೆಯ ಅಂಗಡಿಯಿಂದ ಮಾಂಸ ತರುವವರ ಪಾಡು ಇಷ್ಟು ಕಷ್ಟದ್ದಲ್ಲ. ಕೊಯ್ದು ಶುಚಿಮಾಡುವ ಕೆಲಸವನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬೇಕು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದು. ಮನೆಗೆ ತಂದ ಹಸಿಮಾಂಸವನ್ನು ನಲ್ಲಿಯ ಕೆಳಗೆ ರಭಸವಾಗಿ ತೊಳೆಯುವ ಅಭ್ಯಾಸ ನಮ್ಮವರಲ್ಲಿ ಬಲವಾಗಿದೆ. ಅದರಿಂದ ಶುಚಿಯಾಗುವುದಕ್ಕಿಂತ ಹನಿಗಳು ಪಕ್ಕದ ಕೊತ್ತಂಬರಿ ಸೊಪ್ಪಿನ ಮೇಲೆ ಸಿಡಿಯುವುದೇ ಹೆಚ್ಚು. ತೊಳೆಯಲೇಬೇಕೆನ್ನುವವರು ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆದು, ಆ ನೀರನ್ನು ಜೋಪಾನವಾಗಿ ಚೆಲ್ಲಿ, ಸುತ್ತಮುತ್ತ ಸೋಪಿನಿಂದ ಒರೆಸಬೇಕು. ಮಾಂಸ ಹೆಚ್ಚಿದ ಮೆಟ್ಟುಗತ್ತಿಯಲ್ಲಿಯೇ ಈರುಳ್ಳಿ ಸೌತೆಕಾಯಿ ಹೆಚ್ಚಬಾರದು. ಫ್ರಿಜ್ಜಿನಲ್ಲಿಟ್ಟರೆ ರೋಗಾಣು ಸಾಯುತ್ತದೆಂಬ ನಂಬಿಕೆ ಪೂರ್ತಿ ತಪ್ಪು. ಈ ವೈರಾಣುವಿಗೆ ತಂಪೆಂದರೆ ಇಷ್ಟ. ತಣ್ಣನೆಯ ತೇವದಲ್ಲಿ ಅದು ವಾರಗಟ್ಟಲೆ ಬಾಳುತ್ತದೆ. ನಮ್ಮ ಮಲೆನಾಡಿನ ಹವೆಯನ್ನು ಬಲ್ಲವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. ಅದಕ್ಕೆ ಆಗದಿರುವುದು ಎರಡು: ಬೆಂಕಿ ಮತ್ತು ಸೋಪು. ಅದರ ಮೈಯ ಹೊರಹೊದಿಕೆ ಕೊಬ್ಬಿನದಾದ್ದರಿಂದ ಸೋಪಿನ ನೀರಿನಲ್ಲಿ ಕರಗಿ ಹರಿದುಹೋಗುತ್ತದೆ. ಮಾಂಸದ ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದರೆ ವೈರಾಣು ನಾಶವಾಗುತ್ತದೆ. ಕುದಿಯುವ ನಮ್ಮ ಕೋಳಿಸಾರು ಈ ಅಂಕೆಯನ್ನು ಎಂದೋ ದಾಟಿರುತ್ತದೆ. ಮೂಳೆಯ ಬಳಿ ಕೆಂಪು ಉಳಿಯದಂತೆ ಬೆಂದಿದ್ದರೆ ಕಡುಬಿನೊಡನೆ ನಿಶ್ಚಿಂತೆಯಿಂದ ಬಡಿಸಿಕೊಳ್ಳಬಹುದು.

ಮೊಟ್ಟೆಯಲ್ಲಿ ಮಾತ್ರ ನಮ್ಮ ಅಡುಗೆ ಅಷ್ಟು ನಿರ್ದೋಷಿಯಲ್ಲ. ಬಾಣಂತಿಗೆ, ಕಾಯಿಲೆಯಿಂದ ಎದ್ದವರಿಗೆ, ಗರಡಿಯ ಹುಡುಗರಿಗೆ ಹಸಿಮೊಟ್ಟೆಯನ್ನು ಹಾಲಿಗೆ ಒಡೆದು ಕೊಡುವ ಪದ್ಧತಿಯಿದೆ. ಹೋಟೆಲುಗಳಲ್ಲಿ ಹಾಫ್ ಬಾಯಿಲ್ ಬೇಡುವವರಿದ್ದಾರೆ. ರೋಗದ ಸುದ್ದಿ ಇರುವ ದಿನಗಳಲ್ಲಿ ಇವನ್ನು ಬಿಡಬೇಕು. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿ ತಿಂದರೆ ಮೊಟ್ಟೆಯ ಪುಷ್ಟಿಯೇನೂ ಓಡಿಹೋಗುವುದಿಲ್ಲ.

ಹಸಿಮಾಂಸದ ವಿಚಾರದಲ್ಲಿ ಎಚ್ಚರಿಕೆ ಏಕೆಂಬುದಕ್ಕೆ ಹೇಳಲು ಸಂಕಟವಾಗುವ ಒಂದು ನಿದರ್ಶನವಿದೆ. 2025ರ ಮಾರ್ಚಿನಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ ನರಸರಾವುಪೇಟೆಯ ಎರಡು ವರ್ಷದ ಹೆಣ್ಣುಮಗು ಎಚ್5ಎನ್1ನಿಂದ ತೀರಿಕೊಂಡಿತು. ಅಡುಗೆಗೆ ಮಾಂಸ ಹೆಚ್ಚುತ್ತಿದ್ದಾಗ ಮಗುವಿನ ಕೈಗೆ ಹಸಿಯ ತುಣುಕೊಂದನ್ನು ಕೊಟ್ಟಿದ್ದುದನ್ನು ಮನೆಯವರು ತಿಳಿಸಿದರೆಂದು ವರದಿಯಾಯಿತು. ಅದೇ ಮನೆಯವರು ಬೆಂದ ಅಡುಗೆಯನ್ನು ಉಂಡು ಆರೋಗ್ಯವಾಗಿಯೇ ಇದ್ದರು. ಮಾಂಸ ಹೆಚ್ಚುವ ಹೊತ್ತಿನಲ್ಲಿ ಅಡುಗೆಮನೆಯ ನೆಲದ ಮೇಲೆ ಅಂಬೆಗಾಲಿಡುವ ಮಕ್ಕಳಿರಬಾರದೆಂದು ನಾನು ಹೋದಲ್ಲೆಲ್ಲ ಹೇಳುವುದು ಇದನ್ನು ನೆನೆದೇ.

ಅಡುಗೆಮನೆಯ ಇನ್ನೊಂದು ಸದಸ್ಯ ಬೆಕ್ಕು. ಹೆಚ್ಚುತ್ತಿರುವಾಗ ಕಾಲು ಸುತ್ತುವ ಬೆಕ್ಕಿಗೆ ಒಂದು ಹಸಿ ಚೂರು ಎಸೆಯದವರು ಯಾರು? ಆದರೆ ಬೆಕ್ಕಿನ ಜಾತಿಗೆ ಈ ಜ್ವರ ಮಾರಕ. ನಾಗಪುರದ ಗೋರೆವಾಡ ರಕ್ಷಣಾಕೇಂದ್ರದಲ್ಲಿ 2024ರ ಡಿಸೆಂಬರಿನಲ್ಲಿ ಮೂರು ಹುಲಿಗಳೂ ಒಂದು ಚಿರತೆಯೂ ಹಕ್ಕಿಜ್ವರದಿಂದ ಸತ್ತವು. ಹುಲಿಯನ್ನೇ ಕೆಡಹಿದ್ದು ನಮ್ಮ ಮನೆಯ ಬೆಕ್ಕನ್ನು ಬಿಟ್ಟೀತೆ! ಬೆಕ್ಕಿಗೂ ಬೇಯಿಸಿಯೇ ಹಾಕಬೇಕು.

ಬಾಗಿಲಿನಾಚೆಗೆ ಬಂದರೆ ಕಾಗೆ. ತಿಥಿಯ ದಿನ ಮಾಳಿಗೆ ಹತ್ತಿ ನಾವು ಕೂಗಿ ಕರೆಯುವ ಕಾಗೆಯೇ ಉಳಿದ ದಿನಗಳಲ್ಲಿ ಕೋಳಿಯಂಗಡಿಯ ಹಿಂದಿನ ಕಸದಲ್ಲಿ ಊಟಮಾಡಿ ಬರುತ್ತದೆ. 2021ರ ಜನವರಿಯಲ್ಲಿ ಉತ್ತರ ಭಾರತಕ್ಕೆ ಹಕ್ಕಿಜ್ವರ ಬಂದಿದೆಯೆಂಬುದನ್ನು ಮೊದಲು ಸಾರಿದವು ರಾಜಸ್ಥಾನದ ಝಾಲಾವಾಡದಲ್ಲಿಯೂ ಮಧ್ಯಪ್ರದೇಶದ ಇಂದೂರಿನಲ್ಲಿಯೂ ಮರಗಳಿಂದ ಉದುರಿದ ಕಾಗೆಗಳು. ಕೋಳಿಯ ಕರುಳು ಪುಕ್ಕಗಳನ್ನು ಚರಂಡಿಗೋ ಖಾಲಿ ನಿವೇಶನಕ್ಕೋ ಎಸೆಯುವ ನಮ್ಮ ಪಟ್ಟಣಗಳ ಅಭ್ಯಾಸವನ್ನು ಈ ಬೆಳಕಿನಲ್ಲಿ ನೋಡಬೇಕು. ಹಿತ್ತಿಲಿದ್ದವರು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಲಿ. ಬೇಸಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದು ಒಳ್ಳೆಯ ಕೆಲಸವೇ. ಆ ಬಟ್ಟಲನ್ನು ದಿನವೂ ಸೋಪಿನಿಂದ ತೊಳೆದು, ಬಳಿಕ ಕೈಯನ್ನೂ ತೊಳೆದರಾಯಿತು. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರಿಂದ ಹಕ್ಕಿ ನೋಡುವ ಹುಚ್ಚು ಹಿಡಿಸಿಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಭಯಪಡಬೇಕಾದ್ದೇನಿಲ್ಲ, ದೂರದಿಂದ ನೋಡುವ ಕಣ್ಣಿಗೆ ಈ ರೋಗ ಅಂಟುವುದಿಲ್ಲ. ಚಳಿಗಾಲದಲ್ಲಿ ಅಯ್ಯನಕೆರೆಯಂತಹ ಕೆರೆಗಳ ದಂಡೆಯಲ್ಲಿ ಸತ್ತ ನೀರುಹಕ್ಕಿ ಕಂಡರೆ ಅದನ್ನು ಎತ್ತಿ ನೋಡುವ ಕುತೂಹಲವನ್ನು ಮಾತ್ರ ತಡೆದುಕೊಳ್ಳಬೇಕು.

ಸತ್ತ ಪ್ರಾಣಿಯ ಸುದ್ದಿಯನ್ನು ಹೇಗೆ ಓದಬೇಕೆಂಬುದನ್ನು ಮಲೆನಾಡಿಗರಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ಕಾಲಕ್ಕೆ ಜನರಿಗೂ ಹೆಸರು ಗೊತ್ತಿಲ್ಲದ ಜ್ವರ ಹಿಡಿಯಿತು. ಅದೇ ಮಂಗನ ಕಾಯಿಲೆ. ಅದನ್ನು ಹರಡುವುದು ಉಣುಗು. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿಗಳವರೂ ಅದರ ನೋವನ್ನು ಬಲ್ಲರು. ಇಂದು ಕಾಡಂಚಿನ ಊರಿನಲ್ಲಿ ಮಂಗ ಸತ್ತರೆ ಜನ ಅದನ್ನು ಮುಟ್ಟದೆ, ಆರೋಗ್ಯ ಇಲಾಖೆಗೋ ಪಂಚಾಯಿತಿಗೋ ತಿಳಿಸುತ್ತಾರೆ. ಆ ವಿವೇಕವನ್ನೇ ಕೋಳಿಗೂ ಕಾಗೆಗೂ ವಿಸ್ತರಿಸಬೇಕೆಂಬುದಷ್ಟೇ ನನ್ನ ಕೋರಿಕೆ. ತಂತಿ ತಗಲಿ ಸತ್ತ ಒಂದು ಕಾಗೆಗೆ ಗಾಬರಿಯಾಗಬೇಕಾಗಿಲ್ಲ. ಒಂದೇ ಬೀದಿಯಲ್ಲಿ ಒಂದೆರಡು ದಿನಗಳೊಳಗೆ ಹಲವು ಹಕ್ಕಿಗಳು ಸತ್ತರೆ, ಹಿತ್ತಿಲ ಕೋಳಿಗಳು ಕಾರಣವಿಲ್ಲದೆ ಒಟ್ಟಿಗೆ ಮಲಗಿಬಿಟ್ಟರೆ, ಹತ್ತಿರದ ಪಶು ಆಸ್ಪತ್ರೆಗೆ ಅಂದೇ ತಿಳಿಸಬೇಕು. 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಆದೀತು. ಅವರು ಬರುವವರೆಗೆ ಮಕ್ಕಳನ್ನೂ ನಾಯಿಬೆಕ್ಕುಗಳನ್ನೂ ದೂರವಿಡಬೇಕು. ಮುಟ್ಟಲೇಬೇಕಾದ ಸಂದರ್ಭ ಬಂದರೆ ಮೂಗುಬಾಯಿ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ತೊಡಿಸಿಕೊಂಡು ಮುಟ್ಟಿ, ಅನಂತರ ಬಟ್ಟೆಯನ್ನು ಬಿಸಿನೀರಿನ ಸೋಪಿನಲ್ಲಿ ನೆನೆಹಾಕಿ ಸ್ನಾನಮಾಡಬೇಕು.

ಹಾಗೆ ಮುಟ್ಟಿದವರು ಮುಂದಿನ ಹತ್ತು ದಿನ ತಮ್ಮ ಮೈಯನ್ನು ಗಮನಿಸುತ್ತಿರಬೇಕು. ಜ್ವರ, ಕೆಮ್ಮು, ಮೈಕೈ ನೋವು, ಕಣ್ಣು ಕೆಂಪಾಗುವುದು ಮೊದಲ ಲಕ್ಷಣಗಳು. ಉಸಿರಾಟ ಕಷ್ಟವಾದರೆ ಒಂದು ಗಳಿಗೆಯೂ ತಡಮಾಡಬಾರದು. ಇಲ್ಲಿ ನಮ್ಮ ಜನ ಒಂದು ಸಂಗತಿಯನ್ನು ಬಾಯಿಬಿಡದೆ ಉಳಿಸಿಕೊಳ್ಳುತ್ತಾರೆ. ಜ್ವರದ ಲೆಕ್ಕವನ್ನೆಲ್ಲ ವೈದ್ಯರಿಗೆ ಒಪ್ಪಿಸಿ, ಕಳೆದ ವಾರ ಹಿತ್ತಿಲಲ್ಲಿ ಸತ್ತ ಕೋಳಿಗಳ ವಿಷಯವನ್ನು ಮಾತ್ರ ಸಂಕೋಚದಿಂದಲೋ, ಸಂಬಂಧವಿಲ್ಲವೆಂದೋ ಹೇಳುವುದಿಲ್ಲ. ಹೇಳದ ಹೊರತು ಯಾವ ವೈದ್ಯರಿಗೂ ಸಾಧಾರಣ ಫ್ಲೂವನ್ನು ಬಿಟ್ಟು ಬೇರೆಯದನ್ನು ಶಂಕಿಸುವ ಕಾರಣ ಸಿಗದು. ಒಸೆಲ್ಟಮಿವಿರ್ ಎಂಬ ಔಷಧಿಯಿದೆ. ಜ್ವರ ಶುರುವಾಗಿ ಎರಡು ದಿನಗಳೊಳಗೆ ಅದನ್ನು ಕೊಟ್ಟರೆ ಫಲ ಹೆಚ್ಚು. ಆ ಎರಡು ದಿನಗಳು ಕಷಾಯದಲ್ಲಿಯೂ ಅಂಗಡಿಯ ಮಾತ್ರೆಯಲ್ಲಿಯೂ ಕಳೆದುಹೋಗದಿರಲಿ. ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಚುಚ್ಚುಮದ್ದು ಹಕ್ಕಿಜ್ವರವನ್ನು ತಡೆಯುವುದಿಲ್ಲ. ಆದರೂ ಕೋಳಿಗಳೊಡನೆ ಕೆಲಸಮಾಡುವವರು ಅದನ್ನು ಹಾಕಿಸಿಕೊಳ್ಳುವುದು ಉಚಿತ. ಮನುಷ್ಯನ ಫ್ಲೂವೂ ಹಕ್ಕಿಯ ಫ್ಲೂವೂ ಒಂದೇ ದೇಹದಲ್ಲಿ ಸೇರಿದರೆ ಅವು ತಮ್ಮ ಅಂಶಗಳನ್ನು ಬದಲಾಯಿಸಿಕೊಂಡು, ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಅಂಟುವ ಹೊಸದೊಂದು ವೈರಾಣು ಹುಟ್ಟಬಹುದೆಂಬುದು ವಿಜ್ಞಾನಿಗಳ ಅಂಜಿಕೆ. ಅಂತಹ ಸಮಾಗಮಕ್ಕೆ ನಮ್ಮ ಮೈ ಎಡೆಕೊಡದಂತೆ ಆ ಚುಚ್ಚುಮದ್ದು ಸ್ವಲ್ಪಮಟ್ಟಿಗಾದರೂ ನೋಡಿಕೊಳ್ಳುತ್ತದೆ.